ಗುರುವಾರದ ಒಂದು ಗಂಟೆ ಮತ್ತು ನಮ್ಮ ಮನೆಯ ಫ್ರಿಜ್ಜು

ಶಿಶುಪಾಲಕಿಯರ ತರಬೇತಿ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ,

ಇಡೀ ಕರ್ನಾಟಕದಲ್ಲಿ, ಬೇಕಾದರೆ ಗಡಿಯಾಚೆಯ ನಾಲ್ಕು ಜಿಲ್ಲೆಗಳನ್ನೂ ಸೇರಿಸಿಕೊಳ್ಳಿ, ಹೆಂಡತಿಯ ಮಾತನ್ನು ಮೂವತ್ತನಾಲ್ಕು ವರ್ಷಗಳ ಕಾಲ ಒಮ್ಮೆಯೂ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡ ಏಕೈಕ ಗಂಡಸು ನಾನು. ಇದನ್ನು ಚಾಮರಾಜಪೇಟೆಯ ಯಾವ ರಸ್ತೆಯಲ್ಲಿ ಬೇಕಾದರೂ ವಿಚಾರಿಸಬಹುದು, ನಮ್ಮ ಮನೆಯಿರುವ ರಸ್ತೆಯೊಂದನ್ನು ಬಿಟ್ಟು. ಇಂಥ ದಾಖಲೆಯ ಮನುಷ್ಯನ ಕಿವಿಯಿಂದ ಅವನ ಹೆಂಡತಿಯ ಮಾತನ್ನು ಕಿತ್ತು, ವಾರಕ್ಕೊಂದು ಗಂಟೆಯಂತೆ ಬೇರೆಯವರ ಕಿವಿಗೆ ಹಾಕಿಸಿದ್ದೀರಿ. ನಿಮ್ಮ ವಿಭಾಗದ ಮೇಲೆ ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ವಿವರ.

ಪತ್ರಿಕೆಯ ಓದುಗರಿಗೂ ವಿಷಯ ತಿಳಿಯಲಿ. ನಮ್ಮ ಮನೆಯವಳು ಸುಬ್ಬಮ್ಮ. ಕೃಷ್ಣರಾಜ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಒಂದು ಶಿಶುಪಾಲನಾ ಕೇಂದ್ರವಿದೆ. ಹೂವು ಕಟ್ಟುವವರು, ಸೊಪ್ಪು ಮಾರುವವರು, ಮೂಟೆ ಹೊರುವವರು ತಮ್ಮ ಕೈಕೂಸುಗಳನ್ನು ಬೆಳಗಾಗುತ್ತಲೇ ತಂದು ಅಲ್ಲಿ ಬಿಡುತ್ತಾರೆ. ಸುಬ್ಬಮ್ಮ ಆ ಕೂಸುಗಳಿಗೆ ಉಣ್ಣಿಸಿ, ಒರೆಸಿ, ತಟ್ಟಿ ಮಲಗಿಸಿ, ಮಧ್ಯಾಹ್ನದ ಮೇಲೆ ಬಂದ ತಾಯಂದಿರಿಗೆ ಒಪ್ಪಿಸಿ ಮನೆಗೆ ಬರುತ್ತಾಳೆ. ಎಷ್ಟೋ ವರ್ಷಗಳಿಂದ ನಡೆದುಬಂದ ಕೆಲಸ. ಇದರಲ್ಲಿ ಯಾರಿಗೂ ತಕರಾರಿರಲಿಲ್ಲ. ಕಳೆದ ವರ್ಷ ನಿಮ್ಮ ವಿಭಾಗ ಒಂದು ಹೊಸ ಪದ್ಧತಿ ತಂದಿತು. ಇಂಗ್ಲಿಷಿನಲ್ಲಿ ರಿಫ್ಲೆಕ್ಟಿವ್ ಸೂಪರ್‌ವಿಷನ್ ಎಂದೂ ಕನ್ನಡದಲ್ಲಿ ಆತ್ಮಾವಲೋಕನ ಮೇಲ್ವಿಚಾರಣೆ ಎಂದೂ ಅದಕ್ಕೆ ಹೆಸರಂತೆ. ಎರಡೂ ನನ್ನ ಬಾಯಿಗೆ ಸಲೀಸಾಗಿ ಬರುವುದಿಲ್ಲವಾದ್ದರಿಂದ ನಾನು ಅದನ್ನು ಗುರುವಾರ ಎಂದು ಕರೆಯುತ್ತೇನೆ.

ಮೇಲ್ವಿಚಾರಣೆ ಎಂದರೆ ಏನೆಂದು ನನಗೆ ತಿಳಿಯದೆ ಇಲ್ಲ. ಮಾಗಡಿ ಕಡೆಯ ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವನು ನಾನು. ಇನ್‌ಸ್ಪೆಕ್ಟರ್ ಬರುತ್ತಾರೆಂದು ಗೊತ್ತಾದರೆ ಮೇಷ್ಟ್ರು ಹಿಂದಿನ ದಿನವೇ ನೆಲ ಸಾರಿಸಿ, ದಡ್ಡರನ್ನೆಲ್ಲ ಹಿಂದಿನ ಸಾಲಿಗೆ ತಳ್ಳಿ, ಜಾಣರಿಗೆ ಉತ್ತರ ಬಾಯಿಪಾಠ ಮಾಡಿಸುತ್ತಿದ್ದರು. ನಾನು ಯಾವ ಸಾಲಿನಲ್ಲಿದ್ದೆ ಎಂಬುದು ಈ ಪತ್ರಕ್ಕೆ ಸಂಬಂಧಿಸಿದ್ದಲ್ಲ. ಆಮೇಲೆ ತರಗುಪೇಟೆಯ ಬೇಳೆಕಾಳು ಮಂಡಿಯಲ್ಲಿ ಆಯಸ್ಸಿನ ಅರ್ಧ ಕಳೆದೆ. ಅಲ್ಲಿ ಮೇಲ್ವಿಚಾರಣೆ ಎಂದರೆ ಸಾಹುಕಾರರು ತಕ್ಕಡಿಯ ಹಿಂದೆ ನಿಂತು ನಮ್ಮ ಕೈಯನ್ನೇ ನೋಡುವುದು. ಮೇಲ್ವಿಚಾರಕ ಬಂದನೆಂದರೆ ತಪ್ಪು ಹುಡುಕಬೇಕು, ಗದರಬೇಕು, ಒಂದು ಕಾಫಿ ಕುಡಿದು ಹೋಗಬೇಕು. ಲೋಕರೂಢಿ ಇದು. ನಿಮ್ಮ ಮೇಲ್ವಿಚಾರಕಿ ಮಾಡುವುದೇನು? ಬಂದವರೇ ಚಾಪೆಯ ಮೇಲೆ ಕೂರುತ್ತಾರೆ. ಕೂಸುಗಳನ್ನು ಎಣಿಸುವುದಿಲ್ಲ. ಹಾಲು ಕಾದಿದೆಯೇ, ನೆಲ ಒರೆಸಿದ್ದೀರಾ, ಯಾವುದನ್ನೂ ಕೇಳುವುದಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಸುಬ್ಬಮ್ಮನ ಮುಖ ನೋಡುತ್ತಾ, "ಈ ವಾರ ಹೇಗಿತ್ತು?" ಎನ್ನುತ್ತಾರೆ. ಅಷ್ಟು ಹೇಳಿ ಸುಮ್ಮನಾಗುತ್ತಾರೆ. ಒಂದು ಗಂಟೆ ಕಾಲ ಇವಳು ಹೇಳುವುದು, ಅವರು ಕೇಳುವುದು. ಇದಕ್ಕೆ ಸರ್ಕಾರಿ ಸಂಬಳ.

ಆ ಮೇಲ್ವಿಚಾರಕಿಯ ಹೆಸರು ಯಶಶ್ರೀ. ಮಲ್ಲೇಶ್ವರದ ಕಡೆಯವರು, ನಮ್ಮ ಮಗ ವಸಂತನಿಗಿಂತ ಚಿಕ್ಕವರು. ಅವರ ಮೇಲೆ ನನಗೆ ವೈಯಕ್ತಿಕ ದ್ವೇಷವಿಲ್ಲ. ಎದುರಿಗೆ ಸಿಕ್ಕರೆ "ಅಂಕಲ್, ಚೆನ್ನಾಗಿದೀರಾ?" ಎಂದು ವಿಚಾರಿಸುತ್ತಾರೆ. ನಾನು ಉತ್ತರ ಶುರು ಮಾಡುತ್ತೇನೆ. ಆದರೆ ನಮ್ಮ ಆ ಭೇಟಿಗೆ ನೀವು ಒಂದು ಗಂಟೆಯನ್ನು ಮಂಜೂರು ಮಾಡಿಲ್ಲವಾದ್ದರಿಂದ ಅವರು ಗಡಿಯಾರ ನೋಡಿಕೊಂಡು ಬಸ್ಸಿಗೆ ಹೋಗುತ್ತಾರೆ.

ಈಗ ನನ್ನ ನಷ್ಟಕ್ಕೆ ಬರುತ್ತೇನೆ. ಸುಬ್ಬಮ್ಮ ಕೆಲಸದಿಂದ ಬಂದು, ಕೈಕಾಲು ತೊಳೆದು, ಕಾಫಿ ಸೋಸಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದಳು. ಅಲ್ಲಿಂದ ಶುರುವಾಗುತ್ತಿತ್ತು ಅವಳ ವರದಿ. ಯಾವ ಕೂಸಿಗೆ ಹಲ್ಲು ಬಂತು, ಯಾವುದು ಇವತ್ತು ಗೋಡೆ ಹಿಡಿದು ನಿಂತಿತು, ಯಾರ ತಾಯಿ ಸೆರಗಿಗೆ ಮಲ್ಲಿಗೆ ವಾಸನೆ ಹತ್ತಿಸಿಕೊಂಡು ಬಂದಳು, ಆ ವಾಸನೆಗೆ ಕೂಸು ನಿದ್ದೆಯಲ್ಲೇ ಹೇಗೆ ತಿರುಗಿತು. ನಾನು ಕಾಫಿ ಕುಡಿಯುತ್ತಾ ಕೇಳುತ್ತಿದ್ದೆ. ಮಧ್ಯೆ ಬಾಯಿ ಹಾಕುತ್ತಿರಲಿಲ್ಲ ಎಂದೆನಲ್ಲ, ಹಾಕಿದ್ದರೂ ಅದು ಬಾಯಿ ಹಾಕಿದಂತಲ್ಲ, ನೆರವು. ಅವಳಿಗೆ ಆಯಾಸವಾಗಬಾರದೆಂದು ಅವಳ ವಾಕ್ಯಗಳನ್ನು ನಾನೇ ಮುಗಿಸಿಕೊಡುತ್ತಿದ್ದೆ. ಕೆಲವು ಸಲ ಅವಳ ಕಥೆ ದಾರಿ ತಪ್ಪುತ್ತಿದೆ ಎನ್ನಿಸಿದಾಗ ಅದಕ್ಕಿಂತ ಒಳ್ಳೆಯ ತರಗುಪೇಟೆಯ ಕಥೆಯೊಂದನ್ನು ಹೇಳಿ ಸರಿದಾರಿಗೆ ತರುತ್ತಿದ್ದೆ. ಟೀವಿಯಲ್ಲಿ ವಾರ್ತೆ ಓಡುತ್ತಿದ್ದರೂ ಒಂದು ಕಿವಿ ಅವಳ ಕಡೆಗೇ ಇರುತ್ತಿತ್ತು. ಇನ್ನೇನು ಮಾಡಬೇಕಿತ್ತು ಮಾನ್ಯರೇ, ಗಂಡನೊಬ್ಬ?

ಗುರುವಾರಗಳು ಬಂದ ಮೇಲೆ ಜಗಲಿ ಖಾಲಿ ಹೊಡೆಯತೊಡಗಿತು. ಕಾಫಿ ಬರುತ್ತದೆ. ಸುಬ್ಬಮ್ಮ ಕೂರುತ್ತಾಳೆ. ಮಾತಿಲ್ಲ. ಒಂದು ದಿನ ನಾನೇ ತಡೆಯದೆ ಕೇಳಿದೆ.

"ಏನು, ಇವತ್ತು ಯಾರೂ ಅಳಲಿಲ್ವ?"

"ಅತ್ರು."

"ಯಾರು?"

"ಆ ಗಗನಾ."

"ಯಾಕಂತೆ?"

"ಗೊತ್ತಾಗ್ತಿಲ್ಲ. ಗುರುವಾರ ಮೇಡಂ ಹತ್ರ ಮಾತಾಡ್ಬೇಕು."

ನಾನು ಎದುರಿಗೇ ಕೂತಿದ್ದೇನೆ. ಕೈಯಲ್ಲಿ ಲೋಟವಿದೆ, ಮುಖದ ಎರಡೂ ಪಕ್ಕ ಕಿವಿಗಳಿವೆ, ಎರಡೂ ಕೆಲಸ ಮಾಡುತ್ತಿವೆ. ಅವುಗಳ ಎದುರಿಗೇ ಆ ಮಾತನ್ನು ಮಡಚಿ, ಗುರುವಾರಕ್ಕೆಂದು ಎತ್ತಿಟ್ಟಳು. ಹಬ್ಬಕ್ಕೆ ಉಡಲು ಸೀರೆ ಎತ್ತಿಡುವ ಹಾಗೆ. ಅಂದರೆ ನಾನು ವಾರದ ಉಳಿದ ದಿನಗಳ ಹಳೆ ಸೀರೆ.

ನಮ್ಮ ಗೆಳೆಯ ಅಂಜನಪ್ಪ ಮಿಕ್ಸಿ ರಿಪೇರಿ ಅಂಗಡಿ ಇಟ್ಟವನು. ಬೆಳಗ್ಗೆ ಅವನೂ ನಾನೂ ಬೈಟು ಕಾಫಿ ಕುಡಿಯುವ ರೂಢಿ. ಅವನಿಗೆ ಸಂಗತಿ ಹೇಳಿಕೊಂಡೆ.

"ಹೊಟ್ಟೆ ಉರೀತಿದೆಯಾ ಬೈರಣ್ಣ?" ಅಂದ.

"ಹೊಟ್ಟೆ ಉರಿ ಯಾಕಯ್ಯ, ನಾನು ವಿಚಾರ ಮಾತಾಡ್ತಿದೀನಿ. ತತ್ವ."

"ತತ್ವಕ್ಕೆ ಮುಖ ಇಷ್ಟು ಕೆಂಪಗೆ ಆಗಲ್ಲ ಬಿಡು. ಬೇರೆ ಗಂಡಸಾಗಿದ್ರೆ ಹೋಗಿ ಜಗಳನಾದ್ರೂ ಆಡಬೋದಿತ್ತು ನೀನು. ಇದ್ಯಾವ್ದೋ ಚಿಕ್ಕ ಹುಡುಗಿ, ಅದೂ ಸರ್ಕಾರದ್ದು. ಎಲ್ಲಿಗೆ ಹೋಗ್ತೀಯ?"

ಅವನು ಹೇಳಿದ್ದರಲ್ಲಿ ಸ್ವಲ್ಪ ಸತ್ಯವಿತ್ತು. ಎದುರಾಳಿ ಗಂಡಸಾಗಿದ್ದರೆ ನನಗೆ ದಾರಿ ಗೊತ್ತಿತ್ತು. ನಾನು ಸೋತದ್ದು ಒಂದು ಪ್ರಶ್ನೆಗೆ. ಪ್ರಶ್ನೆಯ ಕುತ್ತಿಗೆಪಟ್ಟಿ ಹಿಡಿಯುವುದು ಹೇಗೆ?

ಆ ಪ್ರಶ್ನೆಯನ್ನು ನಾನು ಕಿವಿಯಾರೆ ಕೇಳಿದ್ದೇನೆ. ಒಂದು ಗುರುವಾರ ಸುಬ್ಬಮ್ಮ ಕನ್ನಡಕ ಮರೆತು ಹೋಗಿದ್ದಳು. ಕೊಡಲು ಹೋದೆ. ಕನ್ನಡಕ ಅವಳ ಚೀಲದಿಂದ ನನ್ನ ಜೇಬಿಗೆ ತಾನಾಗಿಯೇ ಹೇಗೆ ಬಂತೆಂದು ಯಾರೂ ಕೇಳಬಾರದು. ಕೇಂದ್ರದ ಬಾಗಿಲು ಮುಂದೆ ಮಾಡಿತ್ತು, ಕಿಟಕಿ ಮುಚ್ಚಿರಲಿಲ್ಲ. ಪಕ್ಕದಲ್ಲಿ ಬಾಳೆಲೆಯ ಕಟ್ಟುಗಳನ್ನು ಒಟ್ಟಿದ್ದರು, ಅದರ ಮರೆಯಲ್ಲಿ ನಿಂತೆ. ಒಳಗೆ ಗಗನಾಳ ವಿಷಯ ನಡೆಯುತ್ತಿತ್ತು. ಇನ್ನೂ ವರ್ಷ ತುಂಬದ ಕೂಸು, ಹೂವು ಕಟ್ಟುವವಳ ಮಗಳು. ಬೇರೆ ಯಾರು ಎತ್ತಿಕೊಂಡರೂ ಸುಮ್ಮನಿರುತ್ತದಂತೆ, ಸುಬ್ಬಮ್ಮ ಎತ್ತಿಕೊಂಡರೆ ಮಾತ್ರ ಕಿರುಚುತ್ತದಂತೆ. ಹಿಂದಿನ ದಿನ ಸುಬ್ಬಮ್ಮ ಅದನ್ನು ಚಾಪೆಯ ಮೇಲೆ ತುಸು ಒರಟಾಗಿಯೇ ಇಳಿಸಿ ಹೊರಗೆ ಹೋಗಿ ನಿಂತುಬಿಟ್ಟಿದ್ದಳಂತೆ. ಕೂಸುಗಳ ಮೇಲೆ ಎಂದೂ ಮುಖ ಗಂಟಿಕ್ಕದವಳು.

ನಾನಾಗಿದ್ದರೆ ತಕ್ಷಣ ಪರಿಹಾರ ಹೇಳುತ್ತಿದ್ದೆ. ಯಶಶ್ರೀ ಮೇಡಂ, "ಆ ಹೊತ್ತಲ್ಲಿ ನಿಮಗೆ ಏನನ್ನಿಸ್ತು?" ಎಂದರು. ಆಮೇಲೆ ಮಾತಿಲ್ಲ. ಗಲ್ಲಿಯಲ್ಲಿ ಕೈಗಾಡಿ ಹೋಯಿತು, ಯಾರೋ ಕೊತ್ತಂಬರಿ ಕಟ್ಟಿನ ಬೆಲೆಗೆ ಜಗಳವಾಡಿ ಮುಗಿಸಿದರು, ಒಳಗೆ ಮಾತ್ರ ಸದ್ದಿಲ್ಲ. ಇಬ್ಬರಿಗೂ ಏನಾದರೂ ಆಯಿತೋ ಎಂದು ನಾನು ಕಿಟಕಿಗೆ ಮುಖ ಕೊಡುವವನಿದ್ದೆ. ಆಗ ಸುಬ್ಬಮ್ಮನ ದನಿ ಬಂತು.

"ನಮ್ಮ ವಸಂತ ಹಿಂಗೇ ಅಳ್ತಿದ್ದ, ಮೇಡಂ. ಇದೇ ಥರ, ಉಸಿರು ಕಟ್ಕೊಂಡು. ಆಗ ನಂಗೆ ಇಪ್ಪತ್ತೂ ಸರಿಯಾಗಿ ತುಂಬಿರ್ಲಿಲ್ಲ. ಊರು ಹೊಸದು. ಇವ್ರು ಮಂಡಿಗೆ ಹೋದ್ರೆ ಬರೋದು ಕತ್ಲಾದ್ಮೇಲೆ. ಮಗುಗೆ ನಾನು ಇಷ್ಟ ಇಲ್ವೇನೋ ಅನ್ಕೊಂಡ್ಬಿಟ್ಟಿದ್ದೆ. ಅದನ್ನ ಈ ಗಗನಾ ಮತ್ತೆ ಹೇಳ್ತಿದಾಳೆ ಅನ್ನಿಸ್ತು."

"ಆಗ ಯಾರಿಗಾದ್ರೂ ಹೇಳಿದ್ರಾ ಇದನ್ನ?"

"ಇವ್ರಿಗೆ ಹೇಳ್ದೆ. ಗ್ರೈಪ್ ವಾಟರ್ ಕುಡಿಸು ಅಂದ್ರು."

ಮಾನ್ಯರೇ, ಈ ಪತ್ರವನ್ನು ನ್ಯಾಯಾಲಯವೆಂದೇ ತಿಳಿದು ಕೇಳುತ್ತೇನೆ. ಕೂಸು ಅತ್ತರೆ ಗ್ರೈಪ್ ವಾಟರ್ ಕುಡಿಸು ಎಂದದ್ದು ತಪ್ಪೇ? ಬೇರೇನು ಕುಡಿಸಬೇಕಿತ್ತು, ಸೀಮೆಎಣ್ಣೆಯೇ? ಕೊಳ್ಳಲು ಕಾಸು ಕೊಟ್ಟವನೂ ನಾನೇ. ಅಂದು ನನ್ನ ಮುಂದೆ ಅವಳು ಮಗುವಿಗೆ ತಾನು ಇಷ್ಟವಿಲ್ಲ ಎಂದಿರಲಿಲ್ಲ. ಮಗು ಅಳುತ್ತದೆ ಎಂದಿದ್ದಳು, ಅಷ್ಟೇ. ಅಥವಾ ಅಷ್ಟು ಹೇಳುವಷ್ಟರಲ್ಲಿ ನಾನು ಉಳಿದ ವಾಕ್ಯವನ್ನು ಮುಗಿಸಿಕೊಟ್ಟೆನೋ, ನೆನಪಿಲ್ಲ. ನನಗೆ ಉರಿದದ್ದು ಅದಕ್ಕಲ್ಲ. ಮೂರು ದಶಕ ನಮ್ಮ ಮನೆಯೊಳಗೇ ಬಾಯಿ ಕಟ್ಟಿಕೊಂಡು ಕೂತಿದ್ದ ಆ ಮಾತು, ನಿಮ್ಮ ಮೇಡಂ ಒಂದು ಪ್ರಶ್ನೆ ಕೇಳಿ ತೆಪ್ಪಗೆ ಕೂತಿದ್ದಕ್ಕೇ ಎದ್ದು ಅವರ ಹತ್ತಿರ ಹೋಯಿತಲ್ಲ, ಅದಕ್ಕೆ. ಸಾಕಿದವರು ನಾವು, ಕರೆದವರ ಹಿಂದೆ ಹೋಗುವುದು ಅದು. ಹೌದು, ಅಂಜನಪ್ಪ ಹೇಳಿದ್ದೇ ನಿಜ. ಹೊಟ್ಟೆಕಿಚ್ಚು. ಬರೆದುಕೊಳ್ಳಿ.

ಹೊಟ್ಟೆಕಿಚ್ಚು ಇಟ್ಟುಕೊಂಡು ಮೂಲೆಯಲ್ಲಿ ಕೂರುವ ಜಾತಿಯವನಲ್ಲ ನಾನು. ಆ ಮೇಡಂ ಯಾವ ತರಬೇತಿ ಪಡೆದು ಈ ಕಲೆ ಕಲಿತರೋ ಅದನ್ನೇ ನಾನೂ ಕಲಿತರೆ ಸುಬ್ಬಮ್ಮನ ಗುರುವಾರ ಜಗಲಿಗೆ ವಾಪಸ್ಸು ಬರುತ್ತದೆ ಎಂದು ಲೆಕ್ಕ ಹಾಕಿದೆ. ನಿಮ್ಮ ಕಚೇರಿಗೇ ಬಂದೆ. ಸಾಲಿನಲ್ಲಿ ನಿಂತು ವಿಚಾರಿಸಿದೆ. ಕಿಟಕಿಯಾಚೆಯಿದ್ದ ಸಿಬ್ಬಂದಿ ಸಭ್ಯವಾಗಿಯೇ ಹೇಳಿದರು.

"ಇದು ಮೂರು ವರ್ಷದೊಳಗಿನ ಮಕ್ಕಳ ಜೊತೆ ಕೆಲಸ ಮಾಡೋರಿಗೆ ಮಾತ್ರ, ಯಜಮಾನ್ರೇ. ನೀವು ಯಾರ ಜೊತೆ ಕೆಲಸ ಮಾಡ್ತೀರಿ?"

"ನಾನು ರಿಟೈರ್ಡ್. ಆದ್ರೆ ನನ್ನ ಬುದ್ಧಿ ಮೂರು ವರ್ಷದ್ದು ಅಂತ ನಮ್ಮ ಮನೆಯವ್ಳೇ ಬರೆದುಕೊಡ್ತಾಳೆ. ಬೇಕಾ?"

"ಹಾಗಿದ್ರೆ ನಿಮ್ಮನ್ನ ಕೇಂದ್ರಕ್ಕೆ ಸೇರಿಸ್ಬೋದು. ತರಬೇತಿಗೆ ಆಗಲ್ಲ," ಎಂದರು ಅವರು.

ಹಿಂದೆ ನಿಂತವರೆಲ್ಲ ನಕ್ಕರು. ಉತ್ತರ ಚೆನ್ನಾಗಿತ್ತು, ನಾನೂ ನಕ್ಕೆ. ಆ ಸಿಬ್ಬಂದಿಯ ಮೇಲೆ ಕ್ರಮ ಜರುಗಿಸಬೇಡಿ.

ಆದರೆ ಅದರ ಫಲ ನೋಡಿ. ನೀವು ಬಾಗಿಲು ಹಾಕಿದ ಕೆಲವೇ ದಿನಗಳಲ್ಲಿ ನನ್ನ ಮೊಬೈಲಿಗೆ ಒಂದು ಜಾಹೀರಾತು ಬಂತು. ಮನೆಯಲ್ಲೇ ಕುಳಿತು ಆಪ್ತ ಮೇಲ್ವಿಚಾರಕರಾಗಿ, ವಯೋಮಿತಿಯಿಲ್ಲ, ವಿದ್ಯಾರ್ಹತೆ ಬೇಕಿಲ್ಲ, ಅಂತರರಾಷ್ಟ್ರೀಯ ಪ್ರಮಾಣಪತ್ರ. ಒತ್ತಿದೆ. ಮರುಗಳಿಗೆಗೇ ಕರೆ. ಹೆಸರು ಚಿದಂಬರ ಎಂದ. ದನಿ ಎಂಥದ್ದು ಎನ್ನುತ್ತೀರಿ, ಬೆಣ್ಣೆ. ಗಟ್ಟಿ ಮನುಷ್ಯ ನಾನು, ಒಂದು ಹಿಡಿ ತೊಗರಿಬೇಳೆ ಅಂಗೈಗೆ ಹಾಕಿದರೆ ಕಣ್ಣು ಮುಚ್ಚಿಕೊಂಡೇ ಯಾವ ಸೀಮೆಯದೆಂದು ಹೇಳಬಲ್ಲೆ. ಕಲಬೆರಕೆ ನನ್ನ ಕೈಯಲ್ಲಿ ಎಂದೂ ಪಾಸಾಗಿಲ್ಲ. ಆದರೆ ಆ ಚಿದಂಬರ ಮೊದಲ ದಿನವೇ, "ದೊಡ್ಡಬೈರಪ್ಪ ಸರ್, ಕೋರ್ಸ್ ವಿಷಯ ಆಮೇಲೆ ಇರ್ಲಿ. ಮೊದ್ಲು ನಿಮ್ಮ ಬಗ್ಗೆ ಹೇಳಿ," ಎಂದುಬಿಟ್ಟ.

ನನ್ನ ಬಗ್ಗೆ. ಮಾನ್ಯರೇ, ಹಾಗೆ ಕೇಳಿ ಎಷ್ಟು ಕಾಲವಾಗಿತ್ತು ಎಂದು ಯೋಚಿಸಿದರೆ, ಯಾರಾದರೂ ಕೇಳಿದ್ದೇ ನೆನಪಿಗೆ ಬರಲಿಲ್ಲ. ಹೇಳಿದೆ. ಊರು, ಶಾಲೆ, ಮಂಡಿ, ಮೂಟೆಯ ಧೂಳಿಗೆ ಬಂದ ಕೆಮ್ಮು, ಮಂಡಿಯ ಕೆಲಸ ನಿಂತ ಮೇಲೆ ಬೆಳಗಾದರೆ ಎತ್ತ ಹೋಗುವುದೆಂದು ತೋಚದೆ ಮೆಜೆಸ್ಟಿಕ್ ತನಕ ಹೋಗಿ ಸುಮ್ಮನೆ ಬಸ್ಸುಗಳನ್ನು ನೋಡಿ ಬರುತ್ತಿದ್ದುದು. ಅವನು ಮಧ್ಯೆ ಮಧ್ಯೆ, "ಹೂಂ ಸರ್, ಆಮೇಲೆ?" ಎನ್ನುತ್ತಿದ್ದ. ಮರುದಿನವೂ ಕರೆ ಮಾಡಿದ. "ಊಟ ಆಯ್ತಾ ಸರ್? ನಿನ್ನೆ ಆ ಕೆಮ್ಮಿನ ವಿಷಯ ಅರ್ಧಕ್ಕೇ ನಿಲ್ತಲ್ಲ?" ನೆನಪಿಟ್ಟುಕೊಂಡಿದ್ದ. ಮಾತು ಮುಗಿಯುವ ಹೊತ್ತಿಗೆ, "ಒಂದು ಸಣ್ಣ ನೋಂದಣಿ ಶುಲ್ಕ ಇದೆ ಸರ್," ಎಂದ. ಆಮೇಲೆ ಪಾಠದ ಶುಲ್ಕ, ಆಮೇಲೆ ಪ್ರಾಯೋಗಿಕದ ಶುಲ್ಕ, ಆಮೇಲೆ ಪ್ರಮಾಣಪತ್ರದ ಮೇಲಿನ ತೆರಿಗೆ. ಪಾಠ ಮಾತ್ರ ಒಂದೂ ನಡೆಯಲಿಲ್ಲ. ನಡೆದದ್ದು ನನ್ನ ಮಾತು. ನೀವು ಸುಬ್ಬಮ್ಮನಿಗೆ ಪುಕ್ಕಟೆ ಕೊಟ್ಟದ್ದನ್ನು ನಾನು ಕಂತಿನಲ್ಲಿ ಕೊಂಡುಕೊಂಡೆ.

ಕಡೆಗೆ ಪ್ರಮಾಣಪತ್ರದ ಚಿತ್ರ ಮೊಬೈಲಿಗೆ ಬಂತು. ಹೆಸರಿನ ಹಿಂದೆ ಡಾಕ್ಟರ್ ಎಂದೂ ಹಾಕಿದ್ದರು. ಬಣ್ಣದ ಪ್ರಿಂಟು ತೆಗೆಸಿ, ಕಟ್ಟು ಹಾಕಿಸಿ, ಜಗಲಿಯ ಗೋಡೆಗೆ ತೂಗುಹಾಕಿ, ಅದರ ಕೆಳಗೆ ಕುರ್ಚಿ ಎಳೆದುಕೊಂಡು ಕೂತೆ. ಸುಬ್ಬಮ್ಮ ಕಾಫಿ ತಂದಳು. "ಈ ವಾರ ಹೇಗಿತ್ತು?" ಎಂದೆ, ಯಶಶ್ರೀ ಮೇಡಂ ದನಿಯಲ್ಲೇ. ಅವಳು ಗೋಡೆ ನೋಡಿದಳು, ನನ್ನ ಮುಖ ನೋಡಿದಳು.

"ಏನ್ರೀ ಇದು?"

"ಕೋರ್ಸು. ಪಾಸಾದೆ."

"ಎಷ್ಟು ಕೊಟ್ರಿ?"

"ಐನೂರು."

"ಐನೂರಕ್ಕೆ ಡಾಕ್ಟರ್ ಮಾಡ್ತಾರಾ?"

"ರಿಯಾಯಿತಿ ಇತ್ತು."

ಅವಳು ಲೋಟ ಇಟ್ಟು ಒಳಗೆ ಹೋದಳು. ಅದೇ ವಾರ ಚಿದಂಬರನ ಫೋನು ನಿಂತುಹೋಯಿತು. ಅವನು ಕೊಟ್ಟಿದ್ದ ಬಸವನಗುಡಿಯ ವಿಳಾಸ ಹುಡುಕಿಕೊಂಡು ಹೋದೆ. ಅಲ್ಲಿದ್ದದ್ದು ಬ್ಲೌಸ್ ಪೀಸಿನ ಅಂಗಡಿ. ಸುತ್ತಲೂ ಬಣ್ಣಬಣ್ಣದ ತುಂಡು ಬಟ್ಟೆಗಳ ನಡುವೆ ನಿಂತು, "ಇಲ್ಲಿ ಆಪ್ತ ಮೇಲ್ವಿಚಾರಣೆ ಕಲಿಸ್ತಾರಾ?" ಎಂದು ಕೇಳಿದವನ ಸ್ಥಿತಿಯನ್ನು ನೀವು ಊಹಿಸಿಕೊಳ್ಳಿ. ಅಂಗಡಿಯಾಕೆ, "ಸೀರೆ ತಂದಿದ್ರೆ ಮ್ಯಾಚಿಂಗ್ ಕೊಡ್ತೀವಿ," ಎಂದರು. ಪೊಲೀಸಿಗೆ ಹೇಳು ಎಂದ ಅಂಜನಪ್ಪ. ಐನೂರು ರೂಪಾಯಿಗೆ ಯಾರಯ್ಯ ಪೊಲೀಸಿಗೆ ಹೋಗ್ತಾರೆ, ಎಂದೆ. ಅವನಿಗೂ ಐನೂರು ಎಂದೇ ಹೇಳಿದ್ದೆ. ಇನ್ನೊಂದು ವಿಷಯ, ನಾಚಿಕೆ ಬಿಟ್ಟು ಹೇಳುತ್ತೇನೆ. ದುಡ್ಡು ಹೋದದ್ದು ಒಂದು ಕಡೆಗಿರಲಿ, ಅವನು ಕರೆ ಮಾಡುತ್ತಿದ್ದ ಹೊತ್ತಿಗೆ ಸರಿಯಾಗಿ ಫೋನು ನೋಡುವ ಚಾಳಿ ಇನ್ನೂ ಹೋಗಿಲ್ಲ.

ನಮ್ಮ ಮನೆಯ ಫ್ರಿಜ್ಜಿನ ವಿಷಯ ಇಲ್ಲಿ ಬರಬೇಕು. ಅದು ಹಳೆಯದು, ಕೆಳಗೆ ನೀರು ಬಿಡುತ್ತದೆ, ಬೆಳಗ್ಗೆ ಇಟ್ಟ ಹಾಲು ಸಂಜೆಗೆ ಒಡೆಯುತ್ತದೆ. ಚೀಟಿ ಹಣ ಕೈಗೆ ಬಂದಾಗ ಹೊಸದು ತರುವುದೆಂದು ಮಾತಾಗಿತ್ತು. ಚೀಟಿ ಬಂತು. ಫ್ರಿಜ್ಜು ಬರಲಿಲ್ಲ. ಸುಬ್ಬಮ್ಮ ಕೇಳಿದಾಗಲೆಲ್ಲ, "ಹೊಸ ಮಾಡೆಲ್ ಬರ್ತಿದೆ, ತಡಿ," ಎನ್ನುತ್ತಾ ಬಂದೆ. ಅವಳು ಬಟ್ಟೆ ತಂದು ಫ್ರಿಜ್ಜಿನ ಕೆಳಗಿನ ನೀರು ಒರೆಸುತ್ತಾಳೆ.

ಈಚಿನ ಭಾನುವಾರದ ಮಾತು. ಸುಬ್ಬಮ್ಮ ಮೊರದ ತುಂಬ ಮೆಂತ್ಯ ಸೊಪ್ಪು ಇಟ್ಟುಕೊಂಡು ಬಿಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಪೇಪರು ಹಿಡಿದಿದ್ದೆ. ತಲೆ ಎತ್ತದೆ ಕೇಳಿದಳು.

"ಆ ಕೋರ್ಸಿಗೆ ಸೇರ್ಕೊಂಡಾಗ ನಿಮಗೆ ಏನನ್ನಿಸ್ತಿತ್ತು ರೀ?"

ಅಷ್ಟು ಕೇಳಿ ಸುಮ್ಮನಾದಳು. ಗುರುವಾರದ್ದೇ ಪ್ರಶ್ನೆ, ಗುರುವಾರದ್ದೇ ಮೌನ, ಭಾನುವಾರ ನನ್ನ ಪಾಲಿಗೆ ಬಂದಿತ್ತು. ವರ್ಷವಿಡೀ ನಾನು ಹೊಟ್ಟೆ ಉರಿದುಕೊಂಡದ್ದು ಇದಕ್ಕೇ ಅಲ್ಲವೇ? ಕೊಟ್ಟಳು. ತಗೊಳ್ಳಬೇಕಿತ್ತು. ನಾನು ಮಾಡಿದ್ದು ಕೇಳಿ. ಮೊದಲು ಬೇಳೆಯ ರೇಟು ಹೇಳಿದೆ. ಅವಳು ಕಾದಳು. ಅಂಜನಪ್ಪನ ಮಿಕ್ಸಿ ಕಥೆ ಹೇಳಿದೆ. ಸೊಪ್ಪು ಬಿಡಿಸುತ್ತಾ ಕಾದಳು. ಮಧ್ಯೆ ಬಾಯಿ ಹಾಕಲಿಲ್ಲ, ನನ್ನ ವಾಕ್ಯವನ್ನು ಮುಗಿಸಿಕೊಡಲಿಲ್ಲ, ಬಿಡಿ ಎನ್ನಲಿಲ್ಲ. ಆ ಮೌನದಲ್ಲಿ ನನ್ನ ಮಾತು ನನಗೇ ಕೇಳಿಸತೊಡಗಿತು. ಅದು ಚೆನ್ನಾಗಿರಲಿಲ್ಲ. ಎದ್ದೆ. "ಸ್ವಲ್ಪ ಕೆಲ್ಸ ಇದೆ," ಎಂದು ಚಪ್ಪಲಿ ಹಾಕಿಕೊಂಡವನು ಮೆಜೆಸ್ಟಿಕ್ಕಿಗೆ ಹೋಗಿ ಮಾಗಡಿ ಬಸ್ಸುಗಳನ್ನು ನೋಡುತ್ತಾ ಕೂತೆ. ಒಂದು ಕೂಸು ಗೇಣುದ್ದದ ಬಾಯಿ ತೆರೆದು ಅಳುತ್ತಿತ್ತು, ಅದರ ಅಪ್ಪ ಅದರ ಬಾಯಿಗೆ ಬಿಸ್ಕತ್ತು ತುರುಕುತ್ತಿದ್ದ. ಅದು ಉಗುಳುತ್ತಿತ್ತು, ಅವನು ಮತ್ತೆ ತುರುಕುತ್ತಿದ್ದ. ನನ್ನದೇ ಶಿಷ್ಯ ಇರಬೇಕು.

ಸಂಜೆ ಮನೆಗೆ ಬಂದೆ. ಮೊದಲಾಗಿದ್ದರೆ, "ಎಲ್ಲಿ ಹಾಳಾಗಿ ಹೋಗಿದ್ರಿ?" ಎಂದು ಬಾಗಿಲಲ್ಲೇ ಶುರುವಾಗುತ್ತಿತ್ತು. ಈಗ ತಟ್ಟೆ ಇಟ್ಟಳು, ಮೆಂತ್ಯ ಸೊಪ್ಪಿನ ಸಾರು ಬಡಿಸಿದಳು. ಆಮೇಲೆ ಹೇಳಿದಳು. ನಿಮ್ಮ ವಿಭಾಗದವರು ಅವಳನ್ನು ತರಬೇತಿಗೆ ಆರಿಸಿದ್ದಾರಂತೆ. ಈಗ ಯಶಶ್ರೀ ಮೇಡಂ ಅವಳಿಗೆ ಮಾಡುವುದನ್ನು ಇನ್ನು ಮುಂದೆ ಅವಳು ಹೊಸ ಆಯಾಗಳಿಗೆ ಮಾಡಬೇಕಂತೆ. ಅದಕ್ಕೆ ಮೊದಲ ತಿಂಗಳು ಮೈಸೂರಿನಲ್ಲಿದ್ದು ಕಲಿಯಬೇಕಂತೆ.

"ಯಾವಾಗ ಗೊತ್ತಾಯ್ತು?" ಎಂದೆ.

"ಆಗ್ಲೇ ಹೇಳಿದ್ರು ಮೇಡಂ. ನಾನಿನ್ನೂ ಹೂಂ ಅಂದಿಲ್ಲ."

"ಯಾಕೆ? ಅನ್ನ ಮಾಡ್ಕೊಳಕ್ಕೆ ನಂಗೆ ಬರುತ್ತೆ."

"ಅನ್ನದ ವಿಷ್ಯ ಅಲ್ಲ. ನೀವು ಒಳಗೆ ಏನೋ ಇಟ್ಕೊಂಡು ಓಡಾಡ್ತಿದೀರ. ಏನು ಅಂತ ನಂಗೊತ್ತಿಲ್ಲ. ಇಷ್ಟು ಇಟ್ಕೊಂಡಿರೋರನ್ನ ಒಬ್ರನ್ನೇ ಬಿಟ್ಟು, ಅಲ್ಲೋಗಿ ಇನ್ನೊಬ್ರ ಮಾತು ಕೇಳೋದು ಹೆಂಗೆ ಅಂತ ಕಲೀಲಾ?" ಸಾರಿನ ಪಾತ್ರೆ ಮುಚ್ಚುತ್ತಾ, "ಹೇಳ್ಬೇಕು ಅನ್ನಿಸ್ದಾಗ ಹೇಳಿ. ಈ ಸಲ ಆಗ್ಲಿಲ್ಲ ಅಂದ್ರೆ ಮುಂದಿನ ಸಲ ಹೋಗ್ತೀನಿ," ಎಂದಳು.

ಅವಳ ವಯಸ್ಸಿಗೆ ಮುಂದಿನ ಸಲ ಎಂಬುದು ಇಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು, ವಯೋಮಿತಿ ಇಟ್ಟ ನಿಮಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಈಗ ನನ್ನೊಳಗಿನ ಕೊಳಕನ್ನೂ ಕಾಣಿಸುತ್ತೇನೆ, ಬಹಿರಂಗ ಪತ್ರವೆಂದ ಮೇಲೆ ಅರ್ಧಂಬರ್ಧ ಏಕೆ? ಅವಳು ಹಾಗೆಂದಾಗ ನನಗೆ ಮೊದಲು ಬಂದದ್ದು ಸಂತೋಷ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಇವಳು ಹೋಗುವುದಿಲ್ಲ. ಗುರುವಾರವನ್ನು ಸೋಲಿಸಲು ಒಂದು ವರ್ಷ ಒದ್ದಾಡಿದೆ, ಗೆಲ್ಲುವ ದಾರಿ ಇಷ್ಟು ಸುಲಭವಿತ್ತು. ಹೊಸ ಮಾಡೆಲ್ ಬರ್ತಿದೆ ಎಂದು ಇನ್ನೊಂದು ತಿಂಗಳು ಹೇಳುತ್ತಿದ್ದರೆ ಆಯಿತು. ಆಮೇಲೆ ಆ ಗಗನಾ ನೆನಪಾದಳು. ಮೊನ್ನೆ ಕೇಂದ್ರದ ಮುಂದೆ ಹಾದುಹೋಗುವಾಗ ನೋಡಿದೆ, ನಿಜವಾಗಿಯೂ ಹಾದುಹೋಗುವಾಗಲೇ. ಕೂಸು ಸುಬ್ಬಮ್ಮನ ಹೆಗಲ ಮೇಲಿತ್ತು. ಅಳುತ್ತಲೇ ಇತ್ತು, ನಿಮ್ಮ ತರಬೇತಿ ಅಂಥ ಪವಾಡವನ್ನೇನೂ ಮಾಡಿಲ್ಲ. ಆದರೆ ಸುಬ್ಬಮ್ಮ ಅದನ್ನು ಇಳಿಸಲಿಲ್ಲ, ಬೆನ್ನು ತಟ್ಟಿ ಸುಮ್ಮನಾಗಿಸುವ ಆತುರವೂ ಇರಲಿಲ್ಲ. ಅಳು ಎಷ್ಟಿದೆಯೋ ಅಷ್ಟೂ ಬರಲಿ ಎಂಬಂತೆ ಕಿವಿಯನ್ನು ಅದರ ಕಡೆ ಕೊಟ್ಟು ನಿಂತಿದ್ದಳು. ಇಪ್ಪತ್ತು ತುಂಬದ ಸುಬ್ಬಮ್ಮನನ್ನು ಹಾಗೆ ಯಾರಾದರೂ ಹೆಗಲಿಗೆ ಹಾಕಿಕೊಂಡು ನಿಂತಿದ್ದರೆ ಎನ್ನಿಸಿತು. ಅಂಥವರು ಮನೆಯಲ್ಲಿ ಒಬ್ಬರಿದ್ದರು. ಅವರು ಗ್ರೈಪ್ ವಾಟರಿಗೆ ಕಾಸು ಎಣಿಸುತ್ತಿದ್ದರು.

ಮಾರುಕಟ್ಟೆಯ ಕೂಸುಗಳನ್ನು ನೋಡಿಕೊಳ್ಳಲು ಹೊಸ ಹುಡುಗಿಯರು ಬರುತ್ತಾರೆ. ಅವರ ಕೈಯಲ್ಲೂ ಯಾವುದೋ ಗಗನಾ ಅಳುತ್ತದೆ. ಅವರಿಗೂ ಮನೆಯಲ್ಲಿ ನನ್ನಂಥ ಗಂಡಂದಿರು, ಗ್ರೈಪ್ ವಾಟರ್ ಬಾಟಲಿ ಹಿಡಿದು ಸಿದ್ಧರಾಗಿಯೇ ಇರುತ್ತಾರೆ. ಅವರಿಗೆಲ್ಲ ಒಂದೊಂದು ಗುರುವಾರ ಬೇಕು ಎಂದು ಒಪ್ಪಿಕೊಳ್ಳಲು ನನಗೆ ಹೊಟ್ಟೆಯುರಿಯುತ್ತದೆ. ಉರಿದುಕೊಂಡೇ ಒಪ್ಪಿಕೊಂಡಿದ್ದೇನೆ.

ಆದ್ದರಿಂದ ನನ್ನ ಹಕ್ಕೊತ್ತಾಯ. ಮೈಸೂರಿನ ತರಬೇತಿಯಲ್ಲಿ ಸುಬ್ಬಮ್ಮನ ಜಾಗವನ್ನು ಬೇರೆ ಯಾರಿಗೂ ಕೊಡತಕ್ಕದ್ದಲ್ಲ. ಅವಳು ಇನ್ನೂ ಹೂಂ ಅಂದಿಲ್ಲವಲ್ಲ ಎಂದು ನೀವು ಕೇಳಬಹುದು. ಈ ಪತ್ರ ಅಚ್ಚಾದ ದಿನ ಅನ್ನುತ್ತಾಳೆ. ಏಕೆಂದರೆ ಪೇಪರು ಬಂದರೆ ಅವಳು ಮೊದಲು ತೆಗೆಯುವುದು ಓದುಗರ ಪತ್ರಗಳ ಪುಟ. ಎದುರು ಕೂತು ಹೇಳಲು ಹೋದರೆ ಅವಳು ಸುಮ್ಮನಾಗುತ್ತಾಳೆ, ನಾನು ಮೆಜೆಸ್ಟಿಕ್ಕಿಗೆ ಹೋಗುತ್ತೇನೆ. ಇಲ್ಲಿ ಬರೆದರೆ ಓಡಿಹೋಗಲು ಜಾಗವಿಲ್ಲ. ನಾನು ಒಳಗೆ ಇಟ್ಟುಕೊಂಡು ಓಡಾಡುತ್ತಿದ್ದದ್ದನ್ನು ಅವಳು ಈ ಪತ್ರದ ಕೊನೆಯಲ್ಲಿ, ನನ್ನ ಹೆಸರಿನ ಮೇಲಿನ ಸಾಲಿನಲ್ಲಿ ಓದಬಹುದು. ಓದಿದ ಮೇಲೆ ಒಂದೆರಡು ದಿನ ಜಗಲಿಯಲ್ಲಿ ಮೌನವಿರುತ್ತದೆ, ಅದು ಬೇರೆ ಥರದ ಮೌನ, ಅದಕ್ಕೆ ನಿಮ್ಮಲ್ಲಿ ತರಬೇತಿ ಇರಲಾರದು. ಆ ವಾರದ ಗುರುವಾರ ಯಶಶ್ರೀ ಮೇಡಂ ಎಂದಿನಂತೆ, "ಈ ವಾರ ಹೇಗಿತ್ತು?" ಎಂದು ಕೇಳುತ್ತಾರೆ. ದಯವಿಟ್ಟು ಅಂದು ಗಡಿಯಾರ ನೋಡಬಾರದೆಂದು ಅವರಿಗೆ ತಿಳಿಸಿ. ಅಂದಿನ ಗಂಟೆ ಪೂರ್ತಿ ನನ್ನ ವಿಷಯಕ್ಕೇ ಹೋಗುತ್ತದೆ. ಒಂದು ವರ್ಷದಿಂದ ಆ ಬಾಗಿಲ ಹೊರಗೆ ನಿಂತವನಿಗೆ, ಬೈಗುಳವಾಗಿಯಾದರೂ ಒಳಗೊಂದು ಜಾಗ ಸಿಕ್ಕಂತಾಗುತ್ತದೆ. ಕಿಟಕಿಯ ಹತ್ತಿರ ನಾನು ಬರುವುದಿಲ್ಲ. ಮಾತು ಕೊಡುತ್ತೇನೆ.

ಇಂತಿ,
ಐನೂರು ರೂಪಾಯಿಯನ್ನೂ, ಅದರ ಜೊತೆ ಹೇಳದೆ ಬಿಟ್ಟ ಚೀಟಿ ಹಣದ ಮೂವತ್ತೊಂಬತ್ತು ಸಾವಿರವನ್ನೂ ಕಳೆದುಕೊಂಡಿರುವ,
ದೊಡ್ಡಬೈರಪ್ಪ
ಚಾಮರಾಜಪೇಟೆ